ಇಳಿದದ್ದು ಮುನ್ನೂರ ಹನ್ನೊಂದು, ಹತ್ತಿದ್ದು ಮುನ್ನೂರ ಹತ್ತು

ಮೂವತ್ತಮೂರನೇ ವಯಸ್ಸಿಗೆ ನಿವೃತ್ತಿಯಾದವಳಿಗೆ ಶಾಲು ಹೊದಿಸುವುದು ಹೊದಿಸುವವರಿಗೂ ಕಷ್ಟವೇ. ನಮ್ಮ ತಂಡದವರು ಶಾಲು ತಂದರು, ಹಾರ ತಂದರು. ಆಮೇಲೆ ಇಂಥ ಹೊತ್ತಿನಲ್ಲಿ ಆಡುವ ಮಾತುಗಳಲ್ಲಿ ಒಂದೂ ನನಗೆ ಹೊಂದದೆ ಸುಮ್ಮನೆ ನಿಂತರು. ಕೊನೆಗೆ ಭದ್ರಣ್ಣ, "ಇವಳ ಕಿವಿ ರಿಟೈರ್ ಆಗೈತೆ, ಬಾಯಿ ಇನ್ನೂ ಆಗಿಲ್ಲ. ಕೂಡ್ರಿ, ಚಾ ಕುಡೀರಿ" ಎಂದು ಕಾರ್ಯಕ್ರಮ ಮುಗಿಸಿದರು.

ತಂಡಕ್ಕೆ ಹೊಸದಾಗಿ ಸೇರಿರುವ ಇಬ್ಬರು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಅವರು ಕೇಳಿದ್ದು, "ಮೇಡಂ, ಕೆಲಸ ನಿಜವಾಗಿ ಹೆಂಗಿರುತ್ತೆ?" ಎಂದು. ತರಬೇತಿಯ ಪುಸ್ತಕದಲ್ಲಿ ಅದು ಇರುವುದಿಲ್ಲ. ನನ್ನ ಐದು ನೋಟ್‌ಬುಕ್ಕುಗಳಲ್ಲಿ ಇದೆ.

ಕೆಲಸ ಇಷ್ಟು: ದಾವಣಗೆರೆ ಸುತ್ತಿನ ನೀರು ತುಂಬಿದ ಹಳೆಯ ಕಲ್ಲು ಕ್ವಾರಿಗಳಲ್ಲಿ, ಹರಿಹರದ ಬಳಿ ತುಂಗಭದ್ರೆಯಲ್ಲಿ ಮುಳುಗಿದ್ದನ್ನು ಮೇಲೆ ತರುವುದು. ನನ್ನ ಲೆಕ್ಕದಲ್ಲಿ ಹದಿನೇಳು ಪಂಪ್‌ಸೆಟ್, ಆರು ಬೈಕು, ಎರಡು ಟ್ರ್ಯಾಕ್ಟರ್ ಟ್ರೇಲರ್, ಒಂದು ಫ್ರಿಜ್ಜು, ಮದುವೆಯ ಆಲ್ಬಮ್ ಇದ್ದ ಒಂದು ಟ್ರಂಕು ಇವೆ. ಫ್ರಿಜ್ಜು ಕ್ವಾರಿಗೆ ಹೇಗೆ ಬಂತೆಂದು ಅದರ ಯಜಮಾನರೂ ಹೇಳಲಿಲ್ಲ, ಅವರ ಹೆಂಡತಿಯೂ ಹೇಳಲಿಲ್ಲ. ಮನುಷ್ಯರನ್ನು ಮೇಲೆ ತಂದದ್ದೂ ಉಂಟು. ಆ ಲೆಕ್ಕ ಬೇರೆ ಪುಸ್ತಕದಲ್ಲಿದೆ, ಅದನ್ನು ಇಲ್ಲಿ ತೆರೆಯುವುದಿಲ್ಲ.

ಒಟ್ಟು ಮುನ್ನೂರ ಹನ್ನೊಂದು ಸಲ ಇಳಿದೆ. ಪ್ರತಿ ಇಳಿತಕ್ಕೂ ಒಂದು ಸಂಖ್ಯೆ, ವಾರ, ಆಳ, ನೀರಿನೊಳಗೆ ಇದ್ದ ನಿಮಿಷ, ಅದಕ್ಕೆ ಮೊದಲು ತಿಂದದ್ದು ಇಷ್ಟನ್ನೂ ಬರೆದಿಟ್ಟಿದ್ದೇನೆ. ತಿಂದದ್ದನ್ನು ಯಾಕೆ ಬರೆಯಬೇಕೆಂಬುದು ಮುಂದೆ ಗೊತ್ತಾಗುತ್ತದೆ. ಕೊನೆಯ ಮೂರು ತಿಂಗಳಲ್ಲಿ ಒಂದು ವಿಷಯವನ್ನು ಎಲ್ಲರಿಂದಲೂ ಮುಚ್ಚಿಟ್ಟೆ. ನನ್ನ ಎಡಗಿವಿ ಕೆಟ್ಟಿತ್ತು. ಅದು ಗೊತ್ತಾದ ದಿನವೇ ನನ್ನನ್ನು ದಡದಲ್ಲಿ ಕೂರಿಸುತ್ತಾರೆ ಎಂಬ ಭಯ. ಅದನ್ನೂ ಹೇಳುತ್ತೇನೆ, ಆದರೆ ಮೊದಲು ಗುಳ್ಳೆಯ ವಿಷಯ.

ಭದ್ರಣ್ಣ ನಮ್ಮ ತಂಡದ ಹಿರಿಯರು. ಹರಿಹರದ ಹೊಳೆದಂಡೆಯಲ್ಲಿ ಬೆಳೆದವರು, ಮೊದಲು ಉಸಿರು ಬಿಗಿಹಿಡಿದು ಮುಳುಗುತ್ತಿದ್ದವರು. ಹಣೆಗೆ ಮೂರು ಗೆರೆ ವಿಭೂತಿ, ಕೈಯಲ್ಲಿ ಎಲೆಅಡಿಕೆಯ ಡಬ್ಬಿ. ನಾನು ಸೇರುವ ಹೊತ್ತಿಗೆ ಅವರು ನೀರಿಗೆ ಇಳಿಯುವುದನ್ನು ಬಿಟ್ಟು ದಡದಲ್ಲಿ ಕೂತು ನಮ್ಮನ್ನು ಕಾಯುತ್ತಿದ್ದರು. ಅವರ ವಿದ್ಯೆ ಗುಳ್ಳೆ ನೋಡುವುದು. ಸಾಮಾನ್ಯ ಸಿಲಿಂಡರ್ ಹೊತ್ತು ಇಳಿದವರು ಬಿಟ್ಟ ಉಸಿರು ಗುಳ್ಳೆಯಾಗಿ ಮೇಲೆ ಬರುತ್ತದೆ. ಅದನ್ನು ನೋಡಿಯೇ ಅವರು, "ಈಗ ಹೆದರ್ಯಾನ", "ಈಗ ಸುಮ್ನೆ ಕುಂತು ಟೈಂಪಾಸ್ ಮಾಡ್ತಾವ್ನೆ" ಎಂದು ಹೇಳುತ್ತಿದ್ದರು. ಒಮ್ಮೆಯೂ ತಪ್ಪಿದ್ದಿಲ್ಲ.

ಆಮೇಲೆ ರೀಬ್ರೀದರ್ ಬಂತು. ಕರಾವಳಿಯಲ್ಲಿ ಒಬ್ಬರು ಕೆಲಸ ಬಿಟ್ಟಾಗ ನಮ್ಮವರು ತಂದ ಹಳೆಯ ಯಂತ್ರ ಅದು. ಮುಳುಗಿದವರು ಬಿಟ್ಟ ಉಸಿರನ್ನು ಹೊರಗೆ ಹೋಗಲು ಬಿಡದೆ, ಒಂದು ಡಬ್ಬಿಯಲ್ಲಿರುವ ಸುಣ್ಣದ ಹರಳುಗಳ ಮೂಲಕ ಹಾಯಿಸಿ ಕೆಟ್ಟ ಗಾಳಿ ತೆಗೆದು, ಸ್ವಲ್ಪ ಆಮ್ಲಜನಕ ಸೇರಿಸಿ, ಅದೇ ಉಸಿರನ್ನು ವಾಪಸು ಕೊಡುತ್ತದೆ. ಗುಳ್ಳೆ ಇಲ್ಲ, ಸದ್ದಿಲ್ಲ. ಮುಳುಗಿದ ವಾಹನದ ಒಳಗೆ ಇದರಿಂದ ದೊಡ್ಡ ಉಪಕಾರ. ಗುಳ್ಳೆ ಮೇಲಕ್ಕೆ ಬಡಿದು ತುಕ್ಕು, ಕೆಸರು ಉದುರಿಸಿ ನೀರನ್ನು ಕಪ್ಪು ಮಾಡುವುದಿಲ್ಲ. ನಾವು ಅದಕ್ಕೆ ಗಪ್‌ಚುಪ್ ಎಂದು ಹೆಸರಿಟ್ಟೆವು. ಅದನ್ನು ಬಳಸಲು ಎರಡು ತಿಂಗಳು ತರಬೇತಿ ಪಡೆದು ಬಂದವಳು ನಾನೊಬ್ಬಳೇ.

ಇಳಿತ ೪೧, ಗುರುವಾರ. ಗಪ್‌ಚುಪ್‌ನ ಮೊದಲ ದಿನ. ಗುಳ್ಳೆ ಬರುವುದಿಲ್ಲವೆಂದು ಭದ್ರಣ್ಣನಿಗೆ ಎರಡು ಸಲ ಹೇಳಿದ್ದೆ. ಅವರು ತಲೆಯಾಡಿಸಿದ್ದರು. ಇಳಿದು ಎಂಟು ನಿಮಿಷವಾಗಿತ್ತು, ನನ್ನ ಸೊಂಟಕ್ಕೆ ಕಟ್ಟಿದ್ದ ಹಗ್ಗ ಜಗ್ಗಿತು. ಜಗ್ಗಿತು ಎಂದರೆ ಬಾವಿಯಿಂದ ಕೊಡ ಸೇದಿದ ಹಾಗೆ ನನ್ನನ್ನು ಸೇದಿದರು. ಮೇಲೆ ಬಂದು ನೋಡಿದರೆ ಭದ್ರಣ್ಣ ಒಂದು ಕಾಲು ನೀರಿನಲ್ಲಿಟ್ಟು, ಪಂಚೆ ಮೇಲೆ ಕಟ್ಟಿ ನಿಂತಿದ್ದರು.

"ಬದುಕಿದೀಯ?"

"ಇದೀನಿ ಭದ್ರಣ್ಣ. ಯಾಕ ಎಳೆದ್ರಿ?"

"ಗುಳ್ಳೆ ಎಲ್ಲೈತೆ?"

"ಬರಲ್ಲ ಅಂತ ಹೇಳಿದ್ನಲ್ಲ!"

"ಹೇಳ್ದೆ. ಒಂದಾದ್ರೂ ಬರುತ್ತೆ ಅನ್ಕಂಡೆ."

ಅವತ್ತು ಅವರಿಗೆ ಕೈ ಮುಗಿದು ಹೇಳಿದೆ, ಹಾಗೆ ಒಂದೇ ಸಮನೆ ಮೇಲೆಳೆದರೆ ಶ್ವಾಸಕೋಶ ಒಡೆಯಬಹುದು, ನೀರಿನಲ್ಲಿ ಸಾಯದವಳು ಹಗ್ಗದಲ್ಲಿ ಸಾಯುತ್ತೇನೆ ಎಂದು. ಅವರು ಹಗ್ಗವನ್ನು ಸುತ್ತಿ ಪಕ್ಕಕ್ಕಿಟ್ಟರು. ಆಮೇಲೆ ಒಪ್ಪಂದವಾಯಿತು. ಐದು ನಿಮಿಷಕ್ಕೊಮ್ಮೆ ಅವರು ಒಂದು ಸಲ ಜಗ್ಗಬೇಕು, ನಾನು ಒಂದು ಸಲ ಜಗ್ಗಿ ಉತ್ತರಿಸಬೇಕು. ಮೂರು ಸಲ ಎಂದರೆ ಮೇಲೆ ಎಳೆಯಿರಿ ಎಂದು. ಅದಾದ ಮೇಲೂ ಅವರು ನೀರು ನೋಡುವುದನ್ನು ಬಿಡಲಿಲ್ಲ. "ಅಭ್ಯಾಸ" ಎನ್ನುತ್ತಿದ್ದರು.

ಈಗ ತಿಂದದ್ದರ ಲೆಕ್ಕ. ನಾವು ಹೆಚ್ಚಾಗಿ ಇಳಿಯುತ್ತಿದ್ದ ಕ್ವಾರಿಯ ಬಾಯಿಯಲ್ಲಿ ಗಂಗಕ್ಕನ ಗಾಡಿ ಇತ್ತು. ಚಾ, ಮಂಡಕ್ಕಿ, ಮಿರ್ಚಿ ಬಜ್ಜಿ. ಗಂಗಕ್ಕ ಬೆಳ್ಳುಳ್ಳಿಗೆ ಕೈ ಹಿಡಿತ ಇಲ್ಲದ ಹೆಂಗಸು. ಇಳಿತ ೫೨ಕ್ಕೆ ಮೊದಲು ನಾಲ್ಕು ಮಿರ್ಚಿ ತಿಂದೆ. ಗಪ್‌ಚುಪ್ ನಿಮ್ಮ ಉಸಿರನ್ನು ನಿಮಗೇ ವಾಪಸು ಕೊಡುತ್ತದೆ ಎಂದೆನಲ್ಲ. ಸುಣ್ಣ ಕೆಟ್ಟ ಗಾಳಿಯನ್ನು ತೆಗೆಯುತ್ತದೆ, ಬೆಳ್ಳುಳ್ಳಿಯನ್ನು ತೆಗೆಯುವುದಿಲ್ಲ. ಅರವತ್ತೆರಡು ನಿಮಿಷ, ಐವತ್ತು ಅಡಿ ಆಳದಲ್ಲಿ, ನನ್ನದೇ ತೇಗು ನನ್ನ ಸುತ್ತಲೇ ಪ್ರದಕ್ಷಿಣೆ ಹಾಕಿತು. ನೋಟ್‌ಬುಕ್ಕಿನಲ್ಲಿ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಹೊಸಬರು ಬಾಯಿಪಾಠ ಮಾಡಿಕೊಳ್ಳಿ: ಇಳಿಯುವ ಮೊದಲು ಮೊಸರನ್ನ, ಹತ್ತಿದ ಮೇಲೆ ಮಿರ್ಚಿ.

ಸುಣ್ಣದ ವಿಷಯದಲ್ಲಿ ಇನ್ನೊಂದು. ಬಳಸಿದ ಹರಳೂ ಹೊಸ ಹರಳೂ ನೋಡಲು ಒಂದೇ ತರಹ ಇರುತ್ತವೆ. ಒಂದು ಸಲ ತುಂಬಿದ ಹರಳನ್ನು ಎಷ್ಟು ನಿಮಿಷ ಬಳಸಿದೆವೆಂದು ಬರೆದಿಡದಿದ್ದರೆ, ಅದರ ಶಕ್ತಿ ಮುಗಿದದ್ದು ಕೆಳಗೆ ಹೋದ ಮೇಲೆ ಗೊತ್ತಾಗುತ್ತದೆ. ಗೊತ್ತಾಗದೆಯೂ ಹೋಗಬಹುದು. ಭದ್ರಣ್ಣ ಒಮ್ಮೆ ತಮ್ಮ ಎಲೆಅಡಿಕೆಯ ಡಬ್ಬಿ ತೆರೆದು, "ಸುಣ್ಣ ಸುಣ್ಣಾನೇ ಅಲ್ಲೇನು? ಹರಿಹರದ ಸುಣ್ಣ ಹಾಕಿ ನೋಡೋಣ" ಎಂದರು. ತಮಾಷೆಯೋ ನಿಜವೋ ತಿಳಿಯಲಿಲ್ಲ. ಅಂದಿನಿಂದ ಹರಳಿನ ಡಬ್ಬಕ್ಕೆ ಬೀಗ ಹಾಕಿದೆ.

ಆದರೆ ಆಯುಧಪೂಜೆಯ ದಿನ ಬೀಗ ಸಾಲಲಿಲ್ಲ. ನಮ್ಮಲ್ಲಿ ಕುಡುಗೋಲಿನಿಂದ ಕ್ರೇನಿನವರೆಗೆ ಎಲ್ಲಕ್ಕೂ ಪೂಜೆ. ಜೀಪು, ಸರಪಳಿ, ಹಗ್ಗ ಎಲ್ಲಕ್ಕೂ ಕುಂಕುಮ ಇಟ್ಟು, ಭದ್ರಣ್ಣ ಗಪ್‌ಚುಪ್ ಮುಂದೆ ಬಂದರು. ಒಂದು ಕೈಯಲ್ಲಿ ಹೊತ್ತಿಸಿದ ಕರ್ಪೂರದ ತಟ್ಟೆ, ಇನ್ನೊಂದರಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು. ಆಮ್ಲಜನಕದ ವಾಲ್ವಿಗೆ ಎಣ್ಣೆ ಹಚ್ಚಿ ಮಿರಮಿರ ಮಾಡುವ ಯೋಚನೆ. ಆಮ್ಲಜನಕ, ಎಣ್ಣೆ, ಬೆಂಕಿ ಮೂರೂ ಒಂದೇ ಕಡೆ ಸೇರಿದರೆ ಪೂಜೆಗೆ ದೇವರೇ ನೇರ ಬರಬೇಕಾಗುತ್ತದೆ. ನಾನು ಕಿರುಚಿದ್ದಕ್ಕೆ ಗಂಗಕ್ಕನ ಬಾಣಲೆಯ ಮಿರ್ಚಿಗಳೂ ಬೆಚ್ಚಿರಬೇಕು.

"ಪೂಜೆ ಬ್ಯಾಡ ಅಂತೀಯಾ? ಅದು ನಿನ್ ಜೀವ ಕಾಯೋ ಸಾಮಾನು!"

"ಅದಕ್ಕೇ ಬ್ಯಾಡ ಅನ್ನೋದು ಭದ್ರಣ್ಣ!"

ಕೊನೆಗೆ ಯಂತ್ರವನ್ನು ದೂರ ಇಟ್ಟು ಅದರ ಖಾಲಿ ಪೆಟ್ಟಿಗೆಗೆ ಪೂಜೆ ಮಾಡುವುದೆಂದು ತೀರ್ಮಾನವಾಯಿತು. ಪೆಟ್ಟಿಗೆಗೆ ಹೂವು, ನಿಂಬೆಹಣ್ಣು, ತೆಂಗಿನಕಾಯಿ ಎಲ್ಲ ಆಯಿತು. ಎರಡು ದಿನದ ನಂತರ ಇಳಿತ ೧೧೯ಕ್ಕೆ ಮೊದಲು ದಡದಲ್ಲೇ ಉಸಿರಾಡಿ ಯಂತ್ರ ಪರೀಕ್ಷಿಸಿ ಬಾಯಿಂದ ತೆಗೆದಾಗ ಗಂಗಕ್ಕ ಬಿದ್ದು ಬಿದ್ದು ನಕ್ಕಳು. ನನ್ನ ತುಟಿಯ ಸುತ್ತ ಬೆಳ್ಳಗೆ ವಿಭೂತಿ. ಬಾಯಲ್ಲಿ ಕಚ್ಚಿಕೊಳ್ಳುವ ರಬ್ಬರ್ ತುಂಡಿನ ಹೊರಗಡೆಗೆ ಯಾರೋ ಮೂರು ಗೆರೆ ಎಳೆದಿದ್ದರು. ಯಾರೆಂದು ಕೇಳಬೇಕಾಗಿರಲಿಲ್ಲ. ಭದ್ರಣ್ಣ ಆಕಾಶ ನೋಡುತ್ತಿದ್ದರು.

ನಾನೂ ಸುಮ್ಮನಿರಲಿಲ್ಲ. ಹೊಸಬರು ಮಾಡಬಾರದ ಕೆಲಸ ಎಂದು ಮೊದಲೇ ಹೇಳಿಬಿಡುತ್ತೇನೆ. ಇಳಿತ ೨೦೩, ಸೋಮವಾರ. ಒಂದು ಮೋಟಾರು ಹುಡುಕುವ ಕೆಲಸ ಬೇಗ ಮುಗಿದಿತ್ತು. ಭದ್ರಣ್ಣ ಜಗ್ಗಿದ್ದಕ್ಕೆ ಉತ್ತರ ಕೊಟ್ಟ ಕೂಡಲೇ ಹಗ್ಗ ಬಿಚ್ಚಿ ಅಲ್ಲೇ ಒಂದು ಬಂಡೆಗೆ ಕಟ್ಟಿದೆ. ಇನ್ನು ಐದು ನಿಮಿಷ ನನ್ನದು. ಗುಳ್ಳೆಯಿಲ್ಲದೆ, ಸದ್ದಿಲ್ಲದೆ, ಕ್ವಾರಿಯ ಮೂಲೆ ತಿರುಗಿ, ಹಿಂದೆ ಲಾರಿಗಳು ಇಳಿಯುತ್ತಿದ್ದ ದಾರಿಯಲ್ಲಿ ಹತ್ತಿ, ಯಂತ್ರವನ್ನು ಜೊಂಡಿನಲ್ಲಿಟ್ಟು, ಭದ್ರಣ್ಣನ ಬೆನ್ನ ಹಿಂದೆ ಗಂಗಕ್ಕನ ಗಾಡಿಯ ಬಳಿ ಕೂತೆ. ಗಂಗಕ್ಕ ಬಾಯಿ ತೆರೆದಳು. ನಾನು ಬೆರಳು ಅಡ್ಡ ಇಟ್ಟೆ. ಒಂದು ಮಿರ್ಚಿ ಕೈಗಿಟ್ಟಳು.

ಭದ್ರಣ್ಣ ಹಗ್ಗ ಜಗ್ಗಿದರು. ಉತ್ತರ ಇಲ್ಲ. ಮತ್ತೆ ಜಗ್ಗಿದರು. ಬಂಡೆ ಉತ್ತರ ಕೊಡುತ್ತದೆಯೇ? ನಿಧಾನವಾಗಿ ಎಳೆದು ನೋಡಿದರು, ಹಗ್ಗ ಅಲ್ಲಾಡಲಿಲ್ಲ. ಆಗ ಅವರು ಎದ್ದು ಅಂಗಿ ಬಿಚ್ಚತೊಡಗಿದರು. ಅರವತ್ತು ದಾಟಿದ ಮನುಷ್ಯ. ನನ್ನ ನಗು ಅರ್ಧಕ್ಕೆ ನಿಂತಿತು.

"ಭದ್ರಣ್ಣ, ಯಾರನ್ನ ಎಳೀತಿದೀರಿ?" ಎಂದೆ.

ಅವರು ತಿರುಗಿ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಅಂಗಿಯ ಗುಂಡಿ ಹಾಕಿಕೊಂಡರು, ಒಂದು ಗುಂಡಿ ತಪ್ಪಿ ಹಾಕಿಕೊಂಡರು, ಹೋಗಿ ಜೀಪಿನಲ್ಲಿ ಕೂತರು. ಕೆಲಸ ಮುಗಿದಾಗಲೆಲ್ಲ ಡಬ್ಬಿಯ ಸುಣ್ಣಕ್ಕೆ ಬೆರಳು ಅದ್ದಿ ಜೀಪಿನ ಹಿಂಬಾಗಿಲ ಒಳಮೈ ಮೇಲೆ ಒಂದೊಂದು ಗೀಟು ಎಳೆಯುವುದು ಅವರ ಪದ್ಧತಿ. ಎಲೆಅಡಿಕೆಯ ಲೆಕ್ಕವಿರಬೇಕು ಎಂದು ನಾನು ತಿಳಿದಿದ್ದೆ. ಅವತ್ತು ಗೀಟು ಎಳೆಯಲಿಲ್ಲ.  ನಮ್ಮ ಜೀಪಿನಲ್ಲೇ ಬಂದ ಗಂಗಕ್ಕ ಹರಿಹರದಲ್ಲಿ ಇಳಿಯುವಾಗ, "ತಂಗಿ, ಮಿರ್ಚಿ ನಾನು ಕೊಡಬಾರದಿತ್ತು" ಎಂದಳು.

ಈಗ ಕಿವಿ. ಇಳಿತ ೨೭೮ರ ದಿನ ನನಗೆ ನೆಗಡಿ. ನೆಗಡಿಯಲ್ಲಿ ಇಳಿಯಬಾರದು, ಕಿವಿಯ ಒಳಗಿನ ಒತ್ತಡ ಸರಿಹೋಗುವುದಿಲ್ಲ. ಅದು ಪುಸ್ತಕದ ಮೊದಲ ಪಾಠ, ನನ್ನ ನೋಟ್‌ಬುಕ್ಕಿನ ಮೊದಲ ಪುಟ. ಆದರೂ ಇಳಿದೆ, ಮೂಗು ಹಿಡಿದು ಜೋರಾಗಿ ಊದಿದೆ. ಎಡಗಿವಿಯೊಳಗೆ ಏನೋ ಪಟ್ ಎಂದಿತು. ಅಂದಿನಿಂದ ಅದರಲ್ಲಿ ಜೀರುಂಡೆಯ ಸದ್ದು. ಜೊತೆಗೆ ಆಗಾಗ ತಲೆ ಸುತ್ತು.

ಹೇಳಬೇಕಿತ್ತು. ಹೇಳದಿದ್ದುದಕ್ಕೆ ಕಾರಣ ಒಂದು ಲಾರಿ. ಎಷ್ಟೋ ವರ್ಷದ ಹಿಂದೆ ಬ್ರೇಕು ಹೋಗಿ ಕ್ವಾರಿಗೆ ಜಾರಿದ್ದ ಲಾರಿ ಅದು, ಡ್ರೈವರ್ ಹಾರಿ ಉಳಿದಿದ್ದ. ಈಗ ಆ ಕ್ವಾರಿಯಲ್ಲಿ ಮೀನು ಸಾಕುವವರಿದ್ದರು, ಡೀಸೆಲ್ ಟ್ಯಾಂಕಿನ ಸಮೇತ ಲಾರಿ ಮೇಲೆ ಬರಬೇಕಿತ್ತು. ಎಪ್ಪತ್ತು ಅಡಿ ಆಳ. ನಾನು ಕಲಿತದ್ದೆಲ್ಲ ಅಂಥ ಕೆಲಸಕ್ಕೆ. ಪಂಪ್‌ಸೆಟ್ ಎತ್ತಿ ಎತ್ತಿ ಸಾಕಾಗಿತ್ತು. ಮನೆಯಲ್ಲೂ ಒಂದು ಕಾರಣವಿತ್ತು. ವಿನೋಬನಗರದ ನಮ್ಮ ಮನೆಗೆ ಬಂದ ಒಬ್ಬ ಹುಡುಗನ ತಾಯಿ, "ಹುಡುಗಿ ಏನ್ ಮಾಡ್ತಾಳ್ರಿ?" ಎಂದು ಕೇಳಿದಾಗ ಅಮ್ಮ, "ಮುಳುಗ್ತಾಳ್ರಿ" ಎಂದಿದ್ದಳು. ಆಮೇಲೆ, "ಮ್ಯಾಲೂ ಬರ್ತಾಳ್ರಿ" ಎಂದು ಸೇರಿಸಿದ್ದಳು. ಆ ಸಂಬಂಧ ಮುಂದುವರಿಯಲಿಲ್ಲ. ಮುಳುಗುವುದನ್ನೂ ಬಿಟ್ಟರೆ ನಾನು ಏನು ಮಾಡುವವಳು ಎಂಬುದಕ್ಕೆ ಅಮ್ಮನ ಬಳಿಯೂ ಉತ್ತರವಿರಲಿಲ್ಲ, ನನ್ನ ಬಳಿಯೂ ಇರಲಿಲ್ಲ.

ಹಾಗಾಗಿ ಕಿವಿಯನ್ನು ಬಚ್ಚಿಟ್ಟೆ. ಭದ್ರಣ್ಣ ಯಾವಾಗಲೂ ನನ್ನ ಎಡಗಡೆ ನಿಂತು ಮಾತಾಡುವವರು. ನಾನು ಏನೋ ಎತ್ತಿಕೊಳ್ಳುವವಳಂತೆ ಸುತ್ತಿ ಬಂದು ಅವರನ್ನು ಬಲಕ್ಕೆ ತಂದುಕೊಳ್ಳುತ್ತಿದ್ದೆ. ಅವರು ಜೀಪಿನ ಈ ಕಡೆ ಬಂದರೆ ನಾನು ಆ ಕಡೆ. ಸುಳ್ಳು ಬರೆಯುವುದು ಮಾತ್ರ ನೋಟ್‌ಬುಕ್ಕಿನಲ್ಲಿ ಸಾಧ್ಯವಾಗಲಿಲ್ಲ. ಇಳಿದರೂ ಇಳಿಯದಿದ್ದರೂ, ಕಿವಿ ಸದ್ದು ಮಾಡಿದ ದಿನ ಪುಟದ ಮೂಲೆಯಲ್ಲಿ ಒಂದು ಚುಕ್ಕೆ ಇಡುತ್ತಿದ್ದೆ. ವಾರಕ್ಕೊಮ್ಮೆ ಭದ್ರಣ್ಣ ಆ ಪುಟಗಳಿಗೆ ಸಹಿ ಹಾಕುತ್ತಿದ್ದರು. ಓದುತ್ತಾರೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಮೂರು ತಿಂಗಳಲ್ಲಿ ಅರವತ್ತೆಂಟು ಚುಕ್ಕೆ.

ಇಳಿತ ೩೧೧, ಬುಧವಾರ, ಬೆಳಗ್ಗೆ. ತಿಂದದ್ದು ಮೊಸರನ್ನ.

ಲಾರಿ ಪಕ್ಕಕ್ಕೆ ವಾಲಿ ಕೂತಿತ್ತು. ಸರಪಳಿ ಸಿಕ್ಕಿಸುವ ಜಾಗ ನೋಡಲು ಕ್ಯಾಬಿನ್ನಿನೊಳಗೆ ಅರ್ಧ ಮೈ ತೂರಿದೆ. ಅಲ್ಲಿ ನೀರು ಇನ್ನಷ್ಟು ತಣ್ಣಗಿತ್ತು. ತಣ್ಣನೆಯ ನೀರು ಎಡಗಿವಿಗೆ ಹೊಕ್ಕಿದ್ದೇ ತಡ, ಲಾರಿ ತಿರುಗಿತು. ತಿರುಗಿದ್ದು ಲಾರಿಯಲ್ಲ ಎಂದು ನನಗೆ ಗೊತ್ತು. ಆದರೆ ಗೊತ್ತಿರುವುದು ಒಂದು, ಮೈಗೆ ಅನ್ನಿಸುವುದು ಇನ್ನೊಂದು. ಬಾಗಿಲನ್ನು ಹಿಡಿದೆ, ನನ್ನ ಕಾಲು ಕೆಸರಿಗೆ ಬಡಿದು ನೀರು ಕಪ್ಪಾಯಿತು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ಹಗ್ಗ ಸಡಿಲವಾಗಿತ್ತು, ಯಾವ ಕಡೆ ಮೇಲೆಂದು ಅದೂ ತೋರಿಸಲಿಲ್ಲ. ಮೂರು ಸಲ ಜಗ್ಗಿದರೆ ಭದ್ರಣ್ಣ ಕೊಡ ಸೇದಿದ ಹಾಗೆ ಸೇದುತ್ತಾರೆ, ಕ್ಯಾಬಿನ್ನಿನಲ್ಲಿ ಸಿಕ್ಕ ನನ್ನನ್ನು ಹಾಗೆ ಸೇದಿದರೆ ಮುಗಿಯಿತು.

ಸಾಮಾನ್ಯ ಸಿಲಿಂಡರ್ ಹೊತ್ತವರಿಗೆ ಆಗ ಒಂದು ದಾರಿ ಇರುತ್ತದೆ. ಗುಳ್ಳೆ ಹೋದ ಕಡೆ ಮೇಲೆ. ನನ್ನ ಗಪ್‌ಚುಪ್‌ಗೆ ಗುಳ್ಳೆಯೇ ಇಲ್ಲ. ಬಾಯಲ್ಲಿದ್ದ ರಬ್ಬರನ್ನು ಕಚ್ಚಿ ಹಿಡಿದು, ಮೂಗಿನಿಂದ ಮುಖವಾಡದೊಳಕ್ಕೆ ಜೋರಾಗಿ ಉಸಿರು ಬಿಟ್ಟೆ. ಗಾಳಿ ಮುಖವಾಡದ ಅಂಚಿನಿಂದ ತೂರಿ, ಗಲ್ಲ ಸವರಿ, ಎದೆಯ ಮೇಲೆ ಹರಿದು, ಹೊಟ್ಟೆ ದಾಟಿ ನನ್ನ ಕಾಲಿನ ಕಡೆಗೆ ಓಡಿತು. ನಾನು ತಲೆಕೆಳಗಾಗಿದ್ದೆ. ಮತ್ತೊಮ್ಮೆ ಬಿಟ್ಟೆ. ಮತ್ತೆ ಕಾಲಿನ ಕಡೆಗೇ.

ಅಷ್ಟರಲ್ಲಿ ಹಗ್ಗ ಬಿಗಿಯಾಯಿತು. ಜಗ್ಗಲಿಲ್ಲ, ಎಳೆಯಲಿಲ್ಲ. ಯಾರೋ ಕೈ ಹಿಡಿದು ನಿಂತ ಹಾಗೆ ಬಿಗಿಯಾಗಿ ನಿಂತಿತು. ಅದರ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಒಂದೊಂದು ಮೊಳವಾಗಿ ಹತ್ತಿದೆ. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ಮೇಲೆ ಬರುವ ಮೊದಲು ಕಾಯಬೇಕಾದ ಆಳದಲ್ಲಿ ಐದು ನಿಮಿಷ ಕಾದೆ, ಹಗ್ಗವೂ ಕಾಯಿತು.

ಭದ್ರಣ್ಣ ಈ ಸಲ ಸೊಂಟದವರೆಗೆ ನೀರಿನಲ್ಲಿದ್ದರು. ನನ್ನನ್ನು ಬಂಡೆಗೆ ಒರಗಿಸಿ ಮುಖವಾಡ ತೆಗೆದರು.

"ಯಾವ ಕಿವಿ?"

ನಾನು ಅಳುವುದೋ ವಾಂತಿ ಮಾಡುವುದೋ ತಿಳಿಯದೆ ಎರಡನ್ನೂ ಮಾಡಿದೆ. "ಎಡದ್ದು. ನಿಮಗೆ ಹೆಂಗೆ ಗೊತ್ತು?"

"ಮೂರು ತಿಂಗಳಿಂದ ನನ್ ಸುತ್ತ ಬುಗುರಿ ಆಡ್ದಂಗೆ ಆಡ್ತಿದೀಯ. ಪುಸ್ತಕದ ತುಂಬ ಸೊಳ್ಳೆ ಕೂತಂಗೆ ಚುಕ್ಕೆ. ನನಗೆ ಓದಾಕ್ ಬರಲ್ಲ ಅನ್ಕಂಡ್ಯ?"

"ಮತ್ತೆ ಇಳಿಯೋಕೆ ಯಾಕ ಬಿಟ್ರಿ?"

ಅವರು ನನ್ನ ಸೊಂಟದ ಹಗ್ಗ ಬಿಚ್ಚತೊಡಗಿದರು. "ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾದೆ. ಅದು ನನ್ ತಪ್ಪು. ಇಷ್ಟು ವರ್ಷ ಗುಳ್ಳೆ ಬಂದ್ರೆ ಜೀವ ಐತೆ ಅಂತಿದ್ದೆ ತಂಗಿ. ಇವತ್ತು ಗುಳ್ಳೆ ನೋಡಿ ಜೀವ ಹೋತು."

ಕಿವಿ ಡಾಕ್ಟರ್ ಕೆ.ಬಿ. ಬಡಾವಣೆಯವರು. ಇನ್ನು ಇಳಿಯಬಾರದು, ಯಾವತ್ತಿಗೂ, ಎಂದು ಬರೆದುಕೊಟ್ಟರು. ಆ ಚೀಟಿಯನ್ನು ನಾಲ್ಕು ದಿನ ಪರ್ಸಿನಲ್ಲಿ ಇಟ್ಟುಕೊಂಡು ತಿರುಗಿದೆ. ಭದ್ರಣ್ಣ ಕೇಳಲಿಲ್ಲ. ಡಾಕ್ಟರ್ ಎರಡು ತಿಂಗಳು ರೆಸ್ಟ್ ಹೇಳಿದ್ದಾರೆ ಎಂದರೆ ಅವರು ನಂಬುವವರಲ್ಲ, ಆದರೆ ಸುಮ್ಮನಿರುವವರು. ಆ ವಾಕ್ಯವನ್ನು ಕನ್ನಡಿಯ ಮುಂದೆ ಎರಡು ಸಲ ಹೇಳಿಯೂ ನೋಡಿದೆ. ಚೆನ್ನಾಗಿಯೇ ಬಂತು. ಐದನೆಯ ದಿನ ಕ್ವಾರಿಗೆ ಹೋಗಿ, ಭದ್ರಣ್ಣನ ಎಡಗಡೆಯೋ ಬಲಗಡೆಯೋ ನೋಡದೆ ಎದುರಿಗೆ ನಿಂತು, ನೋಟ್‌ಬುಕ್ ತೆರೆದು ಓದಿದೆ: "ಒಟ್ಟು ಇಳಿತ ಮುನ್ನೂರ ಹನ್ನೊಂದು. ಇನ್ನು ಇಳಿಯುವುದಿಲ್ಲ." ಚೀಟಿಯನ್ನೂ ಕೈಗಿಟ್ಟೆ.

ಅವರು ಚೀಟಿ ನೋಡಲಿಲ್ಲ. "ಮುನ್ನೂರ ಹತ್ತು" ಎಂದರು.

ಲೆಕ್ಕದಲ್ಲಿ ನನ್ನನ್ನು ತಿದ್ದಿದವರು ಅವರೊಬ್ಬರೇ. "ಹನ್ನೊಂದು, ಭದ್ರಣ್ಣ. ಬೇಕಾದ್ರೆ ಎಣಿಸ್ರಿ."

ಅವರು ಜೀಪಿನ ಹಿಂಬಾಗಿಲು ತೆರೆದರು. ಐದೈದರ ಕಂತೆಯಾಗಿ ಸುಣ್ಣದ ಗೀಟುಗಳು, ಸಾಲು ಸಾಲು. ಅಳಿಸಿದ ಕಡೆ ಮತ್ತೆ ಎಳೆದದ್ದು. "ಇದು ನಿನ್ ಸಾಲು. ಇಳಿದಿದ್ದು ನೀ ಬರೀತಿದ್ದಿ. ಹತ್ತಿದ್ದು ನಾ ಬರೀತಿದ್ದೆ."

ಎಣಿಸಿದೆ. ಎರಡು ಸಲ ಎಣಿಸಿದೆ. ಮುನ್ನೂರ ಹತ್ತು.

"ಒಂದು ಎಲ್ಲಿ ಹೋತು?"

ಗಂಗಕ್ಕ ಗಾಡಿಯಿಂದ ಕೂಗಿದಳು, "ಮಿರ್ಚಿ ತಿಂದ ದಿನ!"

"ಅವತ್ತು ನಾ ಹಗ್ಗ ಹಿಡ್ಕಂಡು ಕಾದೆ," ಎಂದರು ಭದ್ರಣ್ಣ. "ನೀ ಆ ನೀರಿಂದ ನನ್ ಕಣ್ಮುಂದೆ ಮ್ಯಾಲೆ ಬರಲೇ ಇಲ್ಲ. ನನ್ ಲೆಕ್ಕದಾಗೆ ಇನ್ನೂ ಕೆಳಗೇ ಅದೀಯ. ಆವತ್ತಿಂದ ದಿನಾ ಸಾಯಂಕಾಲ ಈ ಬಾಗಿಲು ಮುಚ್ಚುವಾಗ ಒಂದು ಕಡಿಮೆ ಕಾಣೋದು."

ನೋಟ್‌ಬುಕ್ಕಿನ ಅದೇ ಪುಟದಲ್ಲಿ ಇಳಿತ ೨೦೩ ಎಂದು ಬರೆದುಕೊಂಡೆ. 

ಅವರು ಚೀಟಿಯನ್ನು ಮಡಚಿ ಜೇಬಿಗಿಟ್ಟರು. ಡಬ್ಬಿ ತೆರೆದು ಬೆರಳಿಗೆ ಸುಣ್ಣ ತೆಗೆದುಕೊಂಡು, ಕೊನೆಯ ಗೀಟಿನ ಪಕ್ಕದಲ್ಲಿ ಇನ್ನೊಂದು ಎಳೆದರು. ಉಳಿದವಕ್ಕಿಂತ ಸ್ವಲ್ಪ ಉದ್ದಕ್ಕೆ. ಬೆರಳನ್ನು ಜೀಪಿಗೇ ಒರೆಸಿ, "ಈಗ ಬಂದಿ ನೋಡು ಮ್ಯಾಲೆ" ಎಂದರು. ಆಮೇಲೆ ಗಾಡಿಯ ಕಡೆ ತಿರುಗಿ, "ಗಂಗಕ್ಕ, ಇವಳಿಗೆ ನಾಲ್ಕು ಹಾಕು. ಬೆಳ್ಳುಳ್ಳಿ ಎಷ್ಟು ಬೇಕಾದ್ರೂ ಹಾಕು."

ತಿಂದದ್ದು: ಮಿರ್ಚಿ, ಆರು.